ಬೋರ್ಟೆಜೊಮಿಬ್ ಪ್ರೋಟಿಯಸೋಮನ್ನು ತಡೆಯುವುದಾದರೆ ಅದರ ಜೊತೆ ಕೊಡುವ ಲೆನಾಲಿಡೊಮೈಡ್ ಕೆಲಸ ಮಾಡುವುದು ಹೇಗೆ?

ಪ್ರಶ್ನೆ: ಕ್ಯಾತ್ಸಂದ್ರದ ಓದುಗಿ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೇನೆ. ಈ ಸೆಮಿಸ್ಟರಿನ ಸೆಮಿನಾರಿಗೆ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಯುಬಿಕ್ವಿಟಿನ್ ವ್ಯವಸ್ಥೆಯ ಬಳಕೆ ಎಂಬ ವಿಷಯವನ್ನು ಆರಿಸಿಕೊಂಡು, ಅರ್ಧ ಸಿದ್ಧತೆ ಮುಗಿಯುವ ಹೊತ್ತಿಗೆ ಒಂದು ಗೊಂದಲಕ್ಕೆ ಸಿಕ್ಕಿಕೊಂಡಿದ್ದೇನೆ.

ಮೂಲ ಸಂಗತಿಯನ್ನು ನಾನು ತಿಳಿದುಕೊಂಡಿರುವುದು ಹೀಗೆ. ಯುಬಿಕ್ವಿಟಿನ್ 76 ಅಮೈನೋ ಆಮ್ಲಗಳ ಚಿಕ್ಕ ಪ್ರೋಟೀನು. ಇ1 ಕಿಣ್ವವು ಜೀವಕೋಶದ ಇಂಧನವಾದ ಎಟಿಪಿ ವ್ಯಯಿಸಿ ಅದನ್ನು ಸಕ್ರಿಯಗೊಳಿಸುತ್ತದೆ, ಇ2 ಕಿಣ್ವ ಅದನ್ನು ಪಡೆದು ಮುಂದಕ್ಕೆ ಒಯ್ಯುತ್ತದೆ, ಯಾವ ಪ್ರೋಟೀನಿಗೆ ಅದನ್ನು ಜೋಡಿಸಬೇಕು ಎಂಬುದನ್ನು ಇ3 ಲೈಗೇಸ್ ತೀರ್ಮಾನಿಸುತ್ತದೆ. ಯುಬಿಕ್ವಿಟಿನ್ನಿನ 48ನೆಯ ಸ್ಥಾನದ ಲೈಸಿನ್ನಿಗೆ ಮತ್ತೊಂದು, ಅದಕ್ಕೆ ಮಗದೊಂದು ಸೇರಿ ಸರಪಳಿ ಬೆಳೆದಾಗ 26ಎಸ್ ಪ್ರೋಟಿಯಸೋಮ್ ಆ ಪ್ರೋಟೀನನ್ನು ಹಿಡಿದು ತುಂಡರಿಸುತ್ತದೆ. ಈ ದಾರಿಯನ್ನು ಬಿಡಿಸಿ ತೋರಿಸಿದ ಆರನ್ ಸಿಕನೋವರ್, ಆವ್ರಮ್ ಹರ್ಷ್ಕೊ ಮತ್ತು ಅರ್ವಿನ್ ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಇಲ್ಲಿಯವರೆಗೆ ತೊಂದರೆಯಿಲ್ಲ.

ಮಧುಗಿರಿ ಕಡೆಯ ನಮ್ಮ ದೊಡ್ಡಪ್ಪನವರಿಗೆ ಮಲ್ಟಿಪಲ್ ಮೈಲೋಮಾ (ಅಸ್ಥಿಮಜ್ಜೆಯ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್) ಇದ್ದು, ಬೆಂಗಳೂರಿನಲ್ಲಿ ಚಿಕಿತ್ಸೆ ನಡೆಯುತ್ತಿದೆ. ಅವರ ಔಷಧ ಚೀಟಿಯಲ್ಲಿ 21 ದಿನಗಳ ಒಂದು ಆವರ್ತಕ್ಕೆ ಹೀಗೆ ಬರೆದಿದೆ: 1, 4, 8 ಮತ್ತು 11ನೆಯ ದಿನ ಬೋರ್ಟೆಜೊಮಿಬ್ ಚುಚ್ಚುಮದ್ದು, 1ರಿಂದ 14ನೆಯ ದಿನದವರೆಗೆ ರಾತ್ರಿ ಲೆನಾಲಿಡೊಮೈಡ್ ಕ್ಯಾಪ್ಸೂಲ್, ಜೊತೆಗೆ ಡೆಕ್ಸಾಮೆಥಾಸೋನ್ ಮಾತ್ರೆ. ನನ್ನ ಪಠ್ಯದ ಪ್ರಕಾರ ಬೋರ್ಟೆಜೊಮಿಬ್ ಪ್ರೋಟಿಯಸೋಮಿನ ಕೆಲಸವನ್ನು ತಡೆಯುವ ಔಷಧ. ಲೆನಾಲಿಡೊಮೈಡ್ ಇದಕ್ಕೆ ತದ್ವಿರುದ್ಧ. ಅದು ಸೆರೆಬ್ಲಾನ್ ಎಂಬ ಇ3 ಘಟಕಕ್ಕೆ ಅಂಟಿಕೊಂಡು, ಇಕಾರೋಸ್ ಮತ್ತು ಐಯೋಲೋಸ್ ಎಂಬ ಎರಡು ಪ್ರೋಟೀನುಗಳಿಗೆ ಯುಬಿಕ್ವಿಟಿನ್ ಹತ್ತುವಂತೆ ಮಾಡಿ, ಅವನ್ನು ಪ್ರೋಟಿಯಸೋಮಿನ ಬಾಯಿಗೆ ದೂಡುತ್ತದೆ. ಎಂದರೆ ಒಂದು ಔಷಧಕ್ಕೆ ಪ್ರೋಟಿಯಸೋಮ್ ನಿಲ್ಲಬೇಕು, ಇನ್ನೊಂದಕ್ಕೆ ಅದೇ ಪ್ರೋಟಿಯಸೋಮ್ ಓಡಬೇಕು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾಗುವುದಿಲ್ಲವೇ?

ಚಿಕಿತ್ಸೆಯನ್ನು ಪ್ರಶ್ನಿಸುವುದು ನನ್ನ ಉದ್ದೇಶವಲ್ಲ, ದೊಡ್ಡಪ್ಪನವರು ಸುಧಾರಿಸುತ್ತಿದ್ದಾರೆ. ಈ ಎರಡು ಕ್ರಿಯಾವಿಧಾನಗಳು ಒಂದೇ ಜೀವಕೋಶದಲ್ಲಿ ಹೇಗೆ ಹೊಂದಿಕೊಳ್ಳುತ್ತವೆ, ಪರಸ್ಪರ ಅಡ್ಡಿಯನ್ನು ಯಾರಾದರೂ ಪ್ರಯೋಗದಲ್ಲಿ ಕಂಡಿದ್ದಾರೆಯೇ ಎಂಬುದಷ್ಟೇ ನನ್ನ ಪ್ರಶ್ನೆ. “ಎರಡೂ ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುವುದರಿಂದ ಒಟ್ಟಿಗೆ ಕೊಡುತ್ತಾರೆ” ಎಂಬ ಒಂದು ಸಾಲಿನ ಉತ್ತರವನ್ನು ಹಲವು ಕಡೆ ಓದಿದ್ದೇನೆ. ದಾರಿ ಬೇರೆಯಲ್ಲ, ಒಂದೇ ದಾರಿಯ ಎರಡು ತುದಿ ಎಂಬುದೇ ನನ್ನ ತಕರಾರು.


ಉತ್ತರ: ಶಿಡ್ಲಘಟ್ಟದವ

ನಿಮ್ಮ ಅನುಮಾನ ಬುಡವಿಲ್ಲದ್ದಲ್ಲ. ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಪ್ರೋಟೀನು ವಿಘಟನೆಯ ಮೇಲೆಯೇ ಕೆಲಸ ಮಾಡುವವನಾದ್ದರಿಂದ ಮೊದಲು ತಟ್ಟೆಯಲ್ಲಿ ಕಾಣುವುದನ್ನು ಹೇಳುತ್ತೇನೆ. ಎಂಎಂ.1ಎಸ್ ಎಂಬ ಮೈಲೋಮಾ ಕೋಶಗಳನ್ನು ಬೆಳೆಸಿ ಲೆನಾಲಿಡೊಮೈಡ್ ಹಾಕಿದರೆ, ಪ್ರೋಟೀನುಗಳನ್ನು ಪಟ್ಟೆಗಳಾಗಿ ತೋರಿಸುವ ವೆಸ್ಟರ್ನ್ ಬ್ಲಾಟಿನಲ್ಲಿ ಇಕಾರೋಸ್ ಮತ್ತು ಐಯೋಲೋಸ್ ಪಟ್ಟೆಗಳು ಕೆಲವೇ ಗಂಟೆಗಳಲ್ಲಿ ತೆಳುವಾಗುತ್ತವೆ, ಆದರೆ ಹೋಲಿಕೆಗೆಂದು ನೋಡುವ ಕೆಳಗಿನ ಆಕ್ಟಿನ್ ಪಟ್ಟೆ ಇದ್ದ ಹಾಗೆಯೇ ಇರುತ್ತದೆ. ಅದಕ್ಕೆ ಮುಂಚಿತವಾಗಿ ಎಂಜಿ132 (ಪ್ರೋಟಿಯಸೋಮನ್ನು ತಡೆಯುವ ಪ್ರಯೋಗಾಲಯದ ರಾಸಾಯನಿಕ) ಅಥವಾ ಬೋರ್ಟೆಜೊಮಿಬನ್ನು ಧಾರಾಳವಾಗಿ ಹಾಕಿಟ್ಟಿದ್ದರೆ ಆ ಪಟ್ಟೆಗಳು ತೆಳುವಾಗುವುದಿಲ್ಲ. ಲೆನಾಲಿಡೊಮೈಡಿನ ಪರಿಣಾಮ ಪ್ರೋಟಿಯಸೋಮಿನ ಮೂಲಕವೇ ಆಗುತ್ತದೆ ಎಂದು 2014ರಲ್ಲಿ ತೋರಿಸಿಕೊಟ್ಟದ್ದೂ ಇಂಥ ಪ್ರಯೋಗಗಳಿಂದಲೇ. ಆದ್ದರಿಂದ ನೀವು ಹೇಳುವ ಅಡ್ಡಿ ಕಲ್ಪನೆಯಲ್ಲ. ಪ್ರೋಟಿಯಸೋಮ್ ಪೂರ್ತಿ ನಿಂತ ಜೀವಕೋಶದಲ್ಲಿ ಲೆನಾಲಿಡೊಮೈಡಿಗೆ ಇಕಾರೋಸನ್ನು ಇಳಿಸಲು ಆಗುವುದಿಲ್ಲ.

ಆದರೆ ರೋಗಿಯ ದೇಹದಲ್ಲಿ ಪ್ರೋಟಿಯಸೋಮ್ ಪೂರ್ತಿ ನಿಲ್ಲುವುದೂ ಇಲ್ಲ, ನಿಂತಷ್ಟು ಸದಾಕಾಲ ನಿಂತೇ ಇರುವುದೂ ಇಲ್ಲ. ಪಠ್ಯಪುಸ್ತಕದ ಚಿತ್ರಗಳಲ್ಲಿ ಪ್ರೋಟಿಯಸೋಮಿನ ಮೇಲೆ ಒಂದು ಅಡ್ಡಗೆರೆ ಎಳೆದು ‘ತಡೆ’ ಎಂದು ಬರೆದುಬಿಡುತ್ತಾರೆ. ಆ ಗೆರೆಗೆ ಪ್ರಮಾಣವೂ ಇಲ್ಲ, ಗಡಿಯಾರವೂ ಇಲ್ಲ. ಮೈಮೇಲಿನ ಒಂದು ಚದರ ಮೀಟರಿಗೆ 1.3 ಮಿಲಿಗ್ರಾಂ ಎಂಬ ರೂಢಿಯ ಪ್ರಮಾಣದಲ್ಲಿ ಬೋರ್ಟೆಜೊಮಿಬ್ ಕೊಟ್ಟಾಗ ರಕ್ತದಲ್ಲಿ ಅಳೆದ ಪ್ರೋಟಿಯಸೋಮ್ ಚಟುವಟಿಕೆಯು ಹೆಚ್ಚೆಂದರೆ ನಾಲ್ಕರಲ್ಲಿ ಮೂರು ಪಾಲಿನಷ್ಟು ಕುಗ್ಗುತ್ತದೆ, ಅದೂ ಕೊಟ್ಟ ಸ್ವಲ್ಪ ಹೊತ್ತಿನಲ್ಲಿ. ಅಲ್ಲಿಂದ ಮುಂದೆ ಮೆಲ್ಲಗೆ ಚೇತರಿಸಿಕೊಳ್ಳುತ್ತ, 72 ಗಂಟೆಗಳ ಹೊತ್ತಿಗೆ ಬಹುಮಟ್ಟಿಗೆ ಮೊದಲಿನ ಸ್ಥಿತಿಗೆ ಬರುತ್ತದೆ. ನಿಮ್ಮ ದೊಡ್ಡಪ್ಪನವರ ಚೀಟಿಯಲ್ಲಿ 1ನೆಯ ದಿನಕ್ಕೂ 4ನೆಯ ದಿನಕ್ಕೂ ನಡುವೆ ಇರುವ ಅಂತರವನ್ನು ಗಮನಿಸಿ. ಆರೋಗ್ಯವಂತ ಅಂಗಾಂಶ ಉಸಿರಾಡಿಕೊಳ್ಳಲಿ ಎಂದು ಬಿಟ್ಟ ಬಿಡುವು ಅದು. ಕ್ಯಾಪ್ಸೂಲ್ ಮಾತ್ರ ಪ್ರತಿ ರಾತ್ರಿಯೂ ಇದೆ.

ಇನ್ನು ತಡೆ ಎಲ್ಲಿ ಬೀಳುತ್ತದೆ ಎಂಬುದು. ಪ್ರೋಟಿಯಸೋಮಿಗೆ ಎರಡು ಭಾಗ: ನಡುವೆ 20ಎಸ್ ಎಂಬ ಪೀಪಾಯಿ, ಅದರ ತುದಿಗಳಲ್ಲಿ 19ಎಸ್ ಎಂಬ ಮುಚ್ಚಳ. ಇವೆರಡರ ಕೆಲಸ ಹೇಗೆ ಹಂಚಿಹೋಗಿದೆ ಎಂದು ಹೇಳಲು ನಮ್ಮೂರಿನ ರೇಷ್ಮೆ ನೂಲು ಬಿಚ್ಚಾಣಿಕೆಗಿಂತ ಒಳ್ಳೆಯ ಹೋಲಿಕೆ ನನಗೆ ಸಿಕ್ಕಿಲ್ಲ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಸಡಿಲವಾದ ಒಂದು ಎಳೆಯ ತುದಿಯನ್ನು ಹುಡುಕಿ ಹಿಡಿದರೆ ಮಾತ್ರ ರೀಲರ್ ಮಿಕ್ಕ ನೂಲನ್ನು ಒಂದೇ ಸಮನೆ ಎಳೆಯಬಲ್ಲ. ತುದಿ ಸಿಗದ ಗೂಡು ತೊಟ್ಟಿಯಲ್ಲೇ ತೇಲುತ್ತಿರುತ್ತದೆ. 19ಎಸ್ ಮುಚ್ಚಳ ಮಾಡುವುದೂ ಇದನ್ನೇ. ಯುಬಿಕ್ವಿಟಿನ್ ಸರಪಳಿ ಇದ್ದರಷ್ಟೇ ಅದಕ್ಕೆ ಸಾಲದು, ಪ್ರೋಟೀನಿನಲ್ಲಿ ಎಲ್ಲಾದರೂ ಮಡಿಕೆಯಿಲ್ಲದ ಸಡಿಲ ಭಾಗವೊಂದು ಸಿಗಬೇಕು. ಅದನ್ನು ಹಿಡಿದು, ಎಟಿಪಿಯ ಬಲದಿಂದ ಇಡೀ ಪ್ರೋಟೀನಿನ ಮಡಿಕೆಗಳನ್ನು ಬಿಚ್ಚುತ್ತ ಪೀಪಾಯಿಯೊಳಕ್ಕೆ ಎಳೆದುಕೊಳ್ಳುತ್ತದೆ. ಎಳೆಯುವ ಹೊತ್ತಿನಲ್ಲಿ ಯುಬಿಕ್ವಿಟಿನ್ ಸರಪಳಿಯನ್ನು ಕಳಚಿ ಹೊರಗೆ ಬಿಟ್ಟು ಮತ್ತೆ ಬಳಕೆಗೆ ಕೊಡುವುದೂ ಮುಚ್ಚಳದಲ್ಲಿರುವ ಒಂದು ಕಿಣ್ವವೇ.

ಬೋರ್ಟೆಜೊಮಿಬ್ ಈ ಮುಚ್ಚಳವನ್ನು ಮುಟ್ಟುವುದೇ ಇಲ್ಲ. ಅದು ಸೇರುವುದು ಪೀಪಾಯಿಯ ಒಳಗೋಡೆಗೆ. ಅಲ್ಲಿ ಕತ್ತರಿಸುವ ಜಾಗಗಳು ಮೂರು ಬಗೆಯವು, ಪ್ರತಿಯೊಂದೂ ಎರಡೆರಡು. ಬೀಟಾ-5 ಎಂಬ ಉಪಘಟಕದ ಮೊದಲ ತ್ರಿಯೊನಿನ್ನಿಗೆ ಬೋರ್ಟೆಜೊಮಿಬಿನ ಬೋರಾನ್ ಪರಮಾಣು ಜೋಡಣೆಯಾಗುತ್ತದೆ. ಪ್ರಮಾಣ ಹೆಚ್ಚಿದರೆ ಬೀಟಾ-1 ಕೂಡ ಕುಂಠಿತವಾಗುತ್ತದೆ. ಬೀಟಾ-2 ಬಹುಪಾಲು ತನ್ನ ಪಾಡಿಗೆ ಕತ್ತರಿಸುತ್ತಲೇ ಇರುತ್ತದೆ. ಆದ್ದರಿಂದ ಒಟ್ಟು ವಿಘಟನೆ ನಿಧಾನವಾಗುತ್ತದೆಯೇ ಹೊರತು ಸೊನ್ನೆಗೆ ಇಳಿಯುವುದಿಲ್ಲ. ಆ ಉಳಿದ ಸಾಮರ್ಥ್ಯದಲ್ಲಿ, ಸೆರೆಬ್ಲಾನ್ ಎದುರು ತಂದು ನಿಲ್ಲಿಸಿದ ಇಕಾರೋಸ್ ಇಳಿಯುತ್ತ ಹೋಗುವುದಕ್ಕೆ ಅವಕಾಶವಿದೆ. ಇಕಾರೋಸ್ ಹೋದ ಕೂಡಲೇ ಮೈಲೋಮಾ ಕೋಶ ಸಾಯುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಐಆರ್‌ಎಫ್4, ಆಮೇಲೆ ಮಿಕ್ ಎಂಬ ಪ್ರೋಟೀನುಗಳು ಇಳಿದು ಕೋಶ ಸೊರಗುವುದಕ್ಕೆ ದಿನಗಳು ಹಿಡಿಯುತ್ತವೆ. ನಡುವೆ ಕೆಲವು ಗಂಟೆಗಳ ಕಾಲ ಆ ಇಳಿತ ನಿಧಾನವಾದರೂ ದಿನಗಳ ಲೆಕ್ಕದಲ್ಲಿ ಫಲಿತಾಂಶ ಕೈತಪ್ಪುವುದಿಲ್ಲ.

ಇದನ್ನು ನೀವೇ ಪ್ರಯೋಗ ಮಾಡಿ ನೋಡುವ ಅವಕಾಶ ಎಂದಾದರೂ ಸಿಕ್ಕಿದರೆ ಎರಡು ಮಾತು. ಒಂದು, ಕೋಶಗಳನ್ನು ಒಡೆಯುವ ದ್ರಾವಣದಲ್ಲಿ ಎನ್-ಈಥೈಲ್‌ಮೆಲಿಮೈಡ್ ಇಲ್ಲದಿದ್ದರೆ, ಕೊಳವೆಯನ್ನು ಮಂಜುಗಡ್ಡೆಯ ಮೇಲಿಟ್ಟಿದ್ದರೂ ಯುಬಿಕ್ವಿಟಿನ್ ಕಳಚುವ ಕಿಣ್ವಗಳು ಸರಪಳಿಯನ್ನು ಬಿಚ್ಚಿಹಾಕುತ್ತವೆ. ಬ್ಲಾಟಿನಲ್ಲಿ ಮೇಲ್ಗಡೆ ಕಾಣಬೇಕಾದ ಹೊಗೆಯಂಥ ನೀಳ ಕಲೆ ಕಾಣದೆ ಹೋಗಿ, ಯುಬಿಕ್ವಿಟಿನ್ ಹತ್ತಿಯೇ ಇಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಎರಡು, ಎಂಜಿ132 ಹಾಕಿದಾಗ ಪ್ರೋಟೀನು ಉಳಿಯಿತು ಎಂದ ಮಾತ್ರಕ್ಕೆ ಸೆರೆಬ್ಲಾನೇ ಅದಕ್ಕೆ ಹೊಣೆ ಎಂದು ಸಾಬೀತಾಗುವುದಿಲ್ಲ. ಸೆರೆಬ್ಲಾನ್ ಇರುವುದು ಕಲ್ಲಿನ್-4 ಎಂಬ ಚೌಕಟ್ಟಿನ ಲೈಗೇಸಿನಲ್ಲಿ. ಆ ಚೌಕಟ್ಟು ಚಾಲ್ತಿಗೆ ಬರಲು ನೆಡ್-8 ಎಂಬ ಯುಬಿಕ್ವಿಟಿನ್‌ನಂಥದೇ ಪ್ರೋಟೀನು ಜೋಡಣೆಯಾಗಬೇಕು. ಪೆವೊನೆಡಿಸ್ಟಾಟ್ ಹಾಕಿ ಆ ಜೋಡಣೆಯನ್ನು ತಡೆದಾಗಲೂ ಇಕಾರೋಸ್ ಉಳಿದರೆ, ಮತ್ತು ಸೆರೆಬ್ಲಾನ್ ಜೀನನ್ನೇ ತೆಗೆದ ಕೋಶದಲ್ಲಿ ಲೆನಾಲಿಡೊಮೈಡ್ ನಿಷ್ಫಲವಾದರೆ, ಆಗ ಮಾತು ಗಟ್ಟಿಯಾಗುತ್ತದೆ.


ಉತ್ತರ: ಕೋಲಾರದ ಔಷಧಗಾರ

ಮೇಲಿನವರು ಪ್ರಯೋಗಾಲಯದ ಕಡೆಯಿಂದ ಹೇಳಿದ್ದಾರೆ. ನಾನು ಕ್ಯಾನ್ಸರ್ ಔಷಧಗಳನ್ನು ವಿತರಿಸುವ ವಿಭಾಗದಲ್ಲಿ ಕೆಲಸ ಮಾಡಿದವನಾಗಿ ಆಸ್ಪತ್ರೆಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಎರಡೂ ಔಷಧಗಳು ಒಂದನ್ನೊಂದು ಕೆಡಿಸುವುದಾಗಿದ್ದರೆ ಅದು ರೋಗಿಗಳಲ್ಲಿ ಕಾಣಬೇಕಾಗಿತ್ತು. ಅಮೆರಿಕದ ಎಸ್0777 ಎಂಬ ಪರೀಕ್ಷೆಯ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೊಸದಾಗಿ ಮೈಲೋಮಾ ಪತ್ತೆಯಾದವರಲ್ಲಿ ಒಂದು ಗುಂಪಿಗೆ ಲೆನಾಲಿಡೊಮೈಡ್ ಮತ್ತು ಡೆಕ್ಸಾಮೆಥಾಸೋನ್ ಮಾತ್ರ ಕೊಟ್ಟರು, ಇನ್ನೊಂದು ಗುಂಪಿಗೆ ಅವುಗಳ ಜೊತೆ ಬೋರ್ಟೆಜೊಮಿಬನ್ನೂ ಕೊಟ್ಟರು. ರೋಗ ಮತ್ತೆ ಮುಂದುವರಿಯದೆ ಇದ್ದ ಅವಧಿಯ ಮಧ್ಯಾಂಕ ಮೊದಲನೆಯ ಗುಂಪಿನಲ್ಲಿ 30 ತಿಂಗಳು, ಎರಡನೆಯದರಲ್ಲಿ 43 ತಿಂಗಳು. ಬದುಕುಳಿದ ಅವಧಿಯ ಮಧ್ಯಾಂಕ ಕ್ರಮವಾಗಿ 64 ಮತ್ತು 75 ತಿಂಗಳು. ಬೋರ್ಟೆಜೊಮಿಬ್ ಸೇರಿದ್ದರಿಂದ ಲೆನಾಲಿಡೊಮೈಡಿನ ಫಲ ಕಡಿಮೆಯಾಗಿದ್ದರೆ ಅಂಕಿಗಳು ಈ ದಿಕ್ಕಿಗೆ ಬರುತ್ತಿರಲಿಲ್ಲ. ನಿಮ್ಮ ದೊಡ್ಡಪ್ಪನವರ ಚೀಟಿಯಲ್ಲಿರುವ ದಿನಗಳ ಲೆಕ್ಕವೂ ಆ ಪರೀಕ್ಷೆಯದೇ. ಈಚೆಗೆ ಅನೇಕ ಕಡೆ ಬೋರ್ಟೆಜೊಮಿಬನ್ನು ವಾರಕ್ಕೊಮ್ಮೆ ಮಾತ್ರ ಕೊಡುವ ರೂಢಿಯೂ ಬಂದಿದೆ. ಹಾಗಿದ್ದಲ್ಲಿ ನಡುವಿನ ಬಿಡುವು ಇನ್ನೂ ದೊಡ್ಡದು.

ಪ್ರೋಟಿಯಸೋಮ್ ತಡೆ ಮೈಲೋಮಾ ಕೋಶಕ್ಕಷ್ಟೇ ಸೀಮಿತವಲ್ಲ ಎಂಬುದಕ್ಕೆ ರೋಗಿಯ ಕಾಲುಗಳೇ ಸಾಕ್ಷಿ. ಅಂಗಾಲಿನಲ್ಲಿ ಜೋಮು, ಉರಿ, ಚಪ್ಪಲಿ ಜಾರಿ ಹೋದರೂ ಗೊತ್ತಾಗದಿರುವುದು, ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುವುದು, ಇವೆಲ್ಲ ನರಗಳ ಮೇಲಾಗುವ ಪರಿಣಾಮ. ಔಷಧವನ್ನು ರಕ್ತನಾಳಕ್ಕೆ ಕೊಡುವ ಬದಲು ಚರ್ಮದಡಿಗೆ ಕೊಟ್ಟಾಗ ಈ ತೊಂದರೆ ಕಾಣಿಸಿಕೊಂಡವರ ಪಾಲು ಶೇಕಡಾ 53ರಿಂದ 38ಕ್ಕೆ ಇಳಿದದ್ದನ್ನು 2011ರ ಒಂದು ಪರೀಕ್ಷೆ ತೋರಿಸಿತು, ಮೈಲೋಮಾದ ಮೇಲಿನ ಫಲವೇನೂ ತಗ್ಗಲಿಲ್ಲ. ಈಗ ಹೊಟ್ಟೆಯ ಅಥವಾ ತೊಡೆಯ ಚರ್ಮದಡಿಗೆ ಚುಚ್ಚುವುದು ಅದರಿಂದಲೇ. ಸರ್ಪಸುತ್ತು ಏಳುವ ಅಪಾಯವಿರುವುದರಿಂದ ಅಸೈಕ್ಲೊವಿರ್ ಮಾತ್ರೆಯನ್ನೂ, ಲೆನಾಲಿಡೊಮೈಡಿನಿಂದ ರಕ್ತ ಹೆಪ್ಪುಗಟ್ಟಬಹುದಾದ್ದರಿಂದ ಅದಕ್ಕೆ ತಕ್ಕ ಮಾತ್ರೆಯನ್ನೂ ಚೀಟಿಯಲ್ಲಿ ನೋಡಿರುತ್ತೀರಿ.

ಪ್ರಶ್ನೆಗೆ ನೇರವಾಗಿ ಸೇರದಿದ್ದರೂ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಬೋರ್ಟೆಜೊಮಿಬನ್ನು ನಿಜವಾಗಿ ಕೆಡಿಸಬಹುದಾದದ್ದು ಲೆನಾಲಿಡೊಮೈಡಿಗಿಂತ ಹೆಚ್ಚಾಗಿ ಮನೆಯವರು ಪ್ರೀತಿಯಿಂದ ಕೊಡುವ ಪುಡಿ, ಕ್ಯಾಪ್ಸೂಲ್‌ಗಳು. ಹಸಿರು ಚಹಾದಲ್ಲಿರುವ ಇಜಿಸಿಜಿ ಎಂಬ ಅಂಶವು ಬೋರ್ಟೆಜೊಮಿಬಿನ ಬೋರಾನ್ ಭಾಗಕ್ಕೇ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವುದನ್ನು 2009ರಲ್ಲಿ ಜೀವಕೋಶಗಳಲ್ಲಿಯೂ ಇಲಿಗಳಲ್ಲಿಯೂ ಕಂಡರು. ವಿಟಮಿನ್ ಸಿ ಕುರಿತೂ ಪ್ರಯೋಗಾಲಯದಲ್ಲಿ ಅಂಥದೇ ವರದಿಯಿದೆ. ಒಂದು ಲೋಟ ಚಹಾದಿಂದ ರಕ್ತಕ್ಕೆ ಸೇರುವ ಅಂಶ ಅಷ್ಟು ಮಾಡಲಾರದು ಎನ್ನುವವರೂ ಇದ್ದಾರೆ, ನಿಜ. ಆದರೂ ಹಸಿರು ಚಹಾದ ಸತ್ವ, ನೆಲ್ಲಿಕಾಯಿ ಪುಡಿ ಮುಂತಾದವನ್ನು ಚುಚ್ಚುಮದ್ದಿನ ದಿನಗಳ ಆಸುಪಾಸಿನಲ್ಲಿ ಕೊಡುತ್ತಿದ್ದರೆ, ಚೀಟಿ ಬರೆದ ವೈದ್ಯರಿಗೆ ಮುಚ್ಚಿಡದೆ ತಿಳಿಸಿ.


ಉತ್ತರ: ಚಿಂತಾಮಣಿಯ ನಿವೃತ್ತ ಮೇಷ್ಟ್ರು

ಚರ್ಚೆಯನ್ನು ಆಸಕ್ತಿಯಿಂದ ಓದಿದೆ. ಎರಡು ಕಡೆ ನನಗೆ ತೃಪ್ತಿಯಾಗಲಿಲ್ಲ.

ಔಷಧಗಾರರು ಕೊಟ್ಟ ಅಂಕಿಗಳು ಸರಿ, ಆದರೆ ಅವು ಉತ್ತರಿಸುವ ಪ್ರಶ್ನೆ ಬೇರೆ. ಮೂರು ಔಷಧ ಕೊಟ್ಟವರು ಎರಡು ಔಷಧ ಕೊಟ್ಟವರಿಗಿಂತ ಹೆಚ್ಚು ಕಾಲ ಬದುಕಿದರು ಎಂಬುದು, ಅವರ ಅಸ್ಥಿಮಜ್ಜೆಯಲ್ಲಿ ಇಕಾರೋಸ್ ಅಷ್ಟೇ ಚೆನ್ನಾಗಿ ಇಳಿಯಿತು ಎಂಬುದಕ್ಕೆ ಪುರಾವೆಯಲ್ಲ. ಲೆನಾಲಿಡೊಮೈಡಿನ ಫಲ ಒಂದಿಷ್ಟು ತಗ್ಗಿ, ಬೋರ್ಟೆಜೊಮಿಬಿನ ಸ್ವಂತ ಫಲ ಆ ನಷ್ಟವನ್ನು ತುಂಬಿ ಮಿಕ್ಕಿದ್ದರೂ ಅಂಕಿಗಳು ಇದೇ ದಿಕ್ಕಿಗೆ ಬರುತ್ತಿದ್ದವು. ವಿದ್ಯಾರ್ಥಿನಿ ಕೇಳಿದ್ದು ಕ್ರಿಯಾವಿಧಾನವನ್ನು. ಬದುಕುಳಿದ ತಿಂಗಳುಗಳ ಲೆಕ್ಕದಿಂದ ಕ್ರಿಯಾವಿಧಾನವನ್ನು ಓದಲು ಹೊರಡಬಾರದು.

ಶಿಡ್ಲಘಟ್ಟದವರ ವಿವರಣೆ ಹೆಚ್ಚು ಸಮರ್ಪಕವಾಗಿದೆ. ಆದರೆ ಅದು ನಿಂತಿರುವುದು ಬೋರ್ಟೆಜೊಮಿಬ್ ಬಿಟ್ಟುಹೋಗುವ ಬಗೆಯ ತಡೆ ಎಂಬ ಆಧಾರದ ಮೇಲೆ. ಪ್ರೋಟಿಯಸೋಮನ್ನು ತಡೆಯುವ ಇನ್ನೊಂದು ಔಷಧವಾದ ಕಾರ್ಫಿಲ್ಜೊಮಿಬ್ ಹಾಗಲ್ಲ. ಅದು ಎಪಾಕ್ಸಿಕೀಟೋನ್ ವರ್ಗಕ್ಕೆ ಸೇರಿದ್ದು, ಬೀಟಾ-5ಕ್ಕೆ ಒಮ್ಮೆ ಜೋಡಣೆಯಾದರೆ ಮತ್ತೆ ಬಿಡುವುದಿಲ್ಲ. ಅದನ್ನೂ ಲೆನಾಲಿಡೊಮೈಡಿನ ಜೊತೆಗೇ ಕೊಡುತ್ತಾರೆ. 2015ರಲ್ಲಿ ಪ್ರಕಟವಾದ ಆಸ್ಪೈರ್ ಪರೀಕ್ಷೆಯಲ್ಲಿ, ರೋಗ ಮರುಕಳಿಸಿದವರಿಗೆ ಕಾರ್ಫಿಲ್ಜೊಮಿಬ್ ಸೇರಿಸಿ ಕೊಟ್ಟಾಗ ರೋಗ ಮುಂದುವರಿಯದ ಅವಧಿ 17.6 ತಿಂಗಳಿನಿಂದ 26.3 ತಿಂಗಳಿಗೆ ಏರಿತು. ಬಿಟ್ಟುಹೋಗದ ತಡೆಯಿದ್ದೂ ಈ ಜೋಡಿ ನಡೆಯುವುದಾದರೆ, ‘72 ಗಂಟೆಗಳಲ್ಲಿ ಚೇತರಿಕೆ’ ಎಂಬ ವಾದ ಎಲ್ಲಿ ನಿಲ್ಲುತ್ತದೆ?

ವಿದ್ಯಾರ್ಥಿನಿಗೆ ಒಂದು ಸಲಹೆ. ಸೆಮಿನಾರಿನಲ್ಲಿ ಯಾರಾದರೂ ‘ಪ್ರೋಟಿಯಸೋಮ್ ಎಲ್ಲ ಜೀವಕೋಶಕ್ಕೂ ಬೇಕು, ಮೈಲೋಮಾ ಕೋಶವೇ ಏಕೆ ಸಾಯುತ್ತದೆ’ ಎಂದು ಕೇಳಿಯೇ ಕೇಳುತ್ತಾರೆ, ಸಿದ್ಧವಾಗಿರಿ. ಪ್ಲಾಸ್ಮಾ ಕೋಶದ ಕಸುಬೇ ಪ್ರತಿಕಾಯಗಳನ್ನು ತಯಾರಿಸಿ ಹೊರಗೆ ಕಳಿಸುವುದು, ಸೆಕೆಂಡಿಗೆ ಸಾವಿರಾರು ಅಣುಗಳ ಲೆಕ್ಕದಲ್ಲಿ. ಅಷ್ಟು ತಯಾರಿಕೆಯಲ್ಲಿ ಮಡಿಕೆ ಕೆಟ್ಟವು ಇದ್ದೇ ಇರುತ್ತವೆ. ಅವನ್ನು ಪ್ರೋಟೀನುಗಳು ಮಡಿಕೆಗೊಳ್ಳುವ ಎಂಡೋಪ್ಲಾಸ್ಮಿಕ್ ಜಾಲದಿಂದ ಹಿಂದಕ್ಕೆಳೆದು ಯುಬಿಕ್ವಿಟಿನ್ ಹಚ್ಚಿ ಪ್ರೋಟಿಯಸೋಮಿಗೆ ಕಳಿಸಬೇಕು. ಕ್ಯಾನ್ಸರ್ ಆದ ಮೇಲೂ ಮೈಲೋಮಾ ಕೋಶ ಈ ಕಸುಬನ್ನು ಬಿಡುವುದಿಲ್ಲ, ಹೀಗಾಗಿ ಅದು ತನ್ನ ಪ್ರೋಟಿಯಸೋಮಿನ ಸಾಮರ್ಥ್ಯದ ಅಂಚಿನಲ್ಲೇ ಬದುಕುತ್ತಿರುತ್ತದೆ. ಚರ್ಮದ ಕೋಶ ತಾಳಿಕೊಳ್ಳುವಷ್ಟು ತಡೆಯನ್ನು ಅದು ತಾಳಲಾರದು. ಈ ಔಷಧವನ್ನು ಮೊದಲು ರೂಪಿಸುವಾಗ ಎಲ್ಲರ ಬಾಯಲ್ಲೂ ಇದ್ದದ್ದು ಎನ್‌ಎಫ್-ಕಪ್ಪಾ-ಬಿ ವಾದ, ಎಂದರೆ ಕ್ಯಾನ್ಸರ್ ಕೋಶ ಬದುಕಿ ಬೆಳೆಯಲು ನೆರವಾಗುವ ಆ ಪ್ರೋಟೀನನ್ನು ಹಿಡಿದಿಡುವ ಐ-ಕಪ್ಪಾ-ಬಿ ಕರಗದಂತೆ ಮಾಡುವುದು. 2003ರಲ್ಲಿ ಅಮೆರಿಕದಲ್ಲಿ ಬೋರ್ಟೆಜೊಮಿಬಿಗೆ ಅನುಮತಿ ಸಿಕ್ಕಾಗಲೂ ಆ ವಾದವೇ ಮುಂದಿತ್ತು. ಪ್ರತಿಕಾಯಗಳ ಹೊರೆಯ ವಿವರಣೆ ಬಲಗೊಂಡದ್ದು ಆಮೇಲೆ. ಸ್ತನ, ಶ್ವಾಸಕೋಶಗಳಂಥ ಗಟ್ಟಿ ಗಡ್ಡೆಗಳಲ್ಲಿ ಈ ಔಷಧ ಹೇಳಿಕೊಳ್ಳುವಂಥ ಫಲ ಕೊಡಲಿಲ್ಲ ಎಂಬುದನ್ನು ಇದರ ಪಕ್ಕದಲ್ಲಿಟ್ಟು ಹೇಳಿ.


ಪ್ರತಿಕ್ರಿಯೆ: ಕ್ಯಾತ್ಸಂದ್ರದ ಓದುಗಿ

ಮೂವರಿಗೂ ಧನ್ಯವಾದಗಳು. ಮೇಷ್ಟ್ರು ಎತ್ತಿದ ಕಾರ್ಫಿಲ್ಜೊಮಿಬ್ ಪ್ರಶ್ನೆಗೆ ಶಿಡ್ಲಘಟ್ಟದವರ ಉತ್ತರವನ್ನು ಕಾಯುತ್ತಿದ್ದೇನೆ. ಅದರ ಜೊತೆಗೇ ಇನ್ನೊಂದು: ಇಲಿಗಳಿಗೆ ಎರಡೂ ಔಷಧ ಕೊಟ್ಟು ಇಕಾರೋಸ್ ಅಳೆದರೆ ಮೇಷ್ಟ್ರು ಕೇಳುವ ನೇರ ಪುರಾವೆ ಸಿಗುವುದಿಲ್ಲವೇ?


ಉತ್ತರ: ಶಿಡ್ಲಘಟ್ಟದವ

ಮೇಷ್ಟ್ರ ಆಕ್ಷೇಪಣೆ ಗಟ್ಟಿಯಾದದ್ದು, ಆದರೆ ಅದಕ್ಕೆ ಜೀವಕೋಶದ ಬಳಿಯೇ ಉತ್ತರವಿದೆ. ಕಾರ್ಫಿಲ್ಜೊಮಿಬ್ ಹಿಡಿದ ಪ್ರೋಟಿಯಸೋಮ್ ಮತ್ತೆ ಕೆಲಸಕ್ಕೆ ಬರುವುದಿಲ್ಲ ಎಂಬುದು ನಿಜ; ಜೀವಕೋಶವು ಹೊಸ ಪ್ರೋಟಿಯಸೋಮನ್ನು ಕಟ್ಟಿಕೊಳ್ಳುವುದಿಲ್ಲ ಎಂದು ಅದರಿಂದ ಅರ್ಥವಾಗುವುದಿಲ್ಲ. ಇಲ್ಲಿ ಎನ್‌ಆರ್‌ಎಫ್1 ಎಂಬ ಪ್ರೋಟೀನಿನ ಪಾತ್ರ ಸೊಗಸಾಗಿದೆ. ಮಾಮೂಲಿ ದಿನಗಳಲ್ಲಿ ಅದು ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ ಯುಬಿಕ್ವಿಟಿನ್ ಹತ್ತಿಸಿಕೊಂಡು ಪ್ರೋಟಿಯಸೋಮಿನಲ್ಲಿ ಮುಗಿದುಹೋಗುತ್ತದೆ. ಪ್ರೋಟಿಯಸೋಮ್ ಕುಂಠಿತವಾದಾಗ ಅದು ಉಳಿದುಕೊಳ್ಳುತ್ತದೆ, ಡಿಡಿಐ2 ಎಂಬ ಕಿಣ್ವ ಅದನ್ನು ಒಂದು ಕಡೆ ಕತ್ತರಿಸುತ್ತದೆ, ಆ ತುಂಡು ಕೋಶಕೇಂದ್ರಕ್ಕೆ ಹೋಗಿ ಪ್ರೋಟಿಯಸೋಮಿನ ಉಪಘಟಕಗಳ ಜೀನುಗಳನ್ನು ಎಬ್ಬಿಸುತ್ತದೆ. ತಡೆಯೇ ಮರುನಿರ್ಮಾಣಕ್ಕೆ ಆಜ್ಞೆ ಹೊರಡಿಸಿದಂತಾಗುತ್ತದೆ. ಕಾರ್ಫಿಲ್ಜೊಮಿಬನ್ನು ವಾರದಲ್ಲಿ ಎರಡು ದಿನ ಬೆನ್ನುಬೆನ್ನಿಗೆ ಕೊಟ್ಟು ಉಳಿದ ದಿನ ಬಿಡುವುದನ್ನೂ, ಮೂರು ವಾರಗಳ ನಂತರ ಇನ್ನೂ ದೊಡ್ಡ ಬಿಡುವು ಕೊಡುವುದನ್ನೂ ಈ ಹಿನ್ನೆಲೆಯಲ್ಲಿ ನೋಡಬೇಕು.

ಅಳತೆಯ ವಿಷಯದಲ್ಲಿ ಒಂದು ಬಲೆಯಿದೆ, ಸೆಮಿನಾರಿನಲ್ಲಿ ಹೇಳಲು ಯೋಗ್ಯವಾದದ್ದು. ರೋಗಿಯ ರಕ್ತವನ್ನು ಹಾಗೆಯೇ ತೆಗೆದುಕೊಂಡು ಪ್ರೋಟಿಯಸೋಮ್ ಚಟುವಟಿಕೆ ಅಳೆದರೆ, ಕಾರ್ಫಿಲ್ಜೊಮಿಬ್ ಕೊಟ್ಟ ಮೇಲೆ ತಡೆ ಬಹಳ ಕಾಲ ನಿಂತಂತೆ ಕಾಣುತ್ತದೆ. ಅದೇ ರಕ್ತದಿಂದ ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ ಅಳೆದರೆ ಚೇತರಿಕೆ ಬೇಗ ಕಾಣುತ್ತದೆ. ಇದಕ್ಕೆ ಕಾರಣ ಸರಳ: ರಕ್ತದಲ್ಲಿ ಬಹುಪಾಲು ಇರುವುದು ಕೆಂಪು ರಕ್ತಕಣ, ಅದಕ್ಕೆ ಕೋಶಕೇಂದ್ರವೇ ಇಲ್ಲ, ಹೊಸ ಪ್ರೋಟಿಯಸೋಮ್ ಕಟ್ಟುವ ದಾರಿಯೂ ಇಲ್ಲ. ಮೈಲೋಮಾ ಕೋಶ ಕೋಶಕೇಂದ್ರವುಳ್ಳದ್ದು. ಅದನ್ನು ಹೋಲಿಸಬೇಕಾದದ್ದು ಬಿಳಿ ಕಣದೊಂದಿಗೆ. ನಾನು ಮೊದಲು ಹೇಳಿದ ಬೋರ್ಟೆಜೊಮಿಬಿನ ಅಂಕಿಗಳೂ ರಕ್ತದಲ್ಲಿ ಅಳೆದವೇ ಆದ್ದರಿಂದ, ಮಜ್ಜೆಯೊಳಗಿನ ಮೈಲೋಮಾ ಕೋಶದಲ್ಲಿ ಗಂಟೆಗಳ ಲೆಕ್ಕ ತುಸು ಬೇರೆಯಾಗಿರಬಹುದು ಎಂಬ ಎಚ್ಚರಿಕೆಯೊಂದಿಗೆ ಅವನ್ನು ಬಳಸಿ.

ಇಲಿಗಳ ಪ್ರಶ್ನೆಗೆ: ಹಾಗೆಯೇ ಮಾಡಿದರೆ ಮೋಸಹೋಗುತ್ತೀರಿ. ಇಲಿಯ ಸೆರೆಬ್ಲಾನಿನಲ್ಲಿ ಒಂದು ಮುಖ್ಯ ಸ್ಥಾನದ ಅಮೈನೋ ಆಮ್ಲ ಬೇರೆ. ಮನುಷ್ಯರಲ್ಲಿ ವ್ಯಾಲೀನ್ ಇರುವ ಕಡೆ ಅದರಲ್ಲಿ ಐಸೊಲ್ಯೂಸಿನ್ ಇದೆ. ಅಷ್ಟರಿಂದಲೇ ಲೆನಾಲಿಡೊಮೈಡ್ ಇಲಿಯ ಕೋಶದಲ್ಲಿ ಇಕಾರೋಸನ್ನು ಇಳಿಸಲಾರದು. ಬೋರ್ಟೆಜೊಮಿಬ್ ಕೊಡದಿದ್ದರೂ ಇಳಿಯದ ಪ್ರೋಟೀನನ್ನು ಅಳೆದು, ಬೋರ್ಟೆಜೊಮಿಬ್ ಅಡ್ಡಿ ಮಾಡಿತು ಎಂದು ಬರೆಯುವಂತಾಗುತ್ತದೆ. ಮನುಷ್ಯರ ಮೈಲೋಮಾ ಕೋಶಗಳನ್ನು ಇಲಿಯೊಳಗೆ ನೆಟ್ಟು ನೋಡಬೇಕು, ಇಲ್ಲವೇ ಸೆರೆಬ್ಲಾನಿನ ಆ ಒಂದು ಸ್ಥಾನವನ್ನು ಮನುಷ್ಯರದರಂತೆ ತಿದ್ದಿದ ಇಲಿಗಳನ್ನು ಬಳಸಬೇಕು. ಲೆನಾಲಿಡೊಮೈಡಿಗೆ ಮೂಲವಾದ ಥಾಲಿಡೊಮೈಡ್ ಎಂಬ ಔಷಧ 1957ರಲ್ಲಿ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದು, ಸಾವಿರಾರು ಮಕ್ಕಳು ಕೈಕಾಲುಗಳ ಊನದೊಂದಿಗೆ ಹುಟ್ಟಿದ ಮೇಲೆ 1961ರಲ್ಲಿ ಹಿಂದೆ ಸರಿಯಿತು. ಇಲಿ ಜಾತಿಯ ಪ್ರಾಣಿಗಳಲ್ಲಿ ಆ ಊನ ಕಾಣದಿದ್ದುದರ ಹಿಂದೆಯೂ ಸೆರೆಬ್ಲಾನಿನ ಈ ವ್ಯತ್ಯಾಸವಿದೆ. ಸೆರೆಬ್ಲಾನ್ ಎಂಬ ಗುರಿಯನ್ನು ಜಪಾನಿನ ಹಿರೋಶಿ ಹಂಡಾ ಅವರ ತಂಡ ಪತ್ತೆಹಚ್ಚಿದ್ದು 2010ರಲ್ಲಿ, ಅಷ್ಟು ತಡವಾಗಿ.


ಪ್ರತಿಕ್ರಿಯೆ: ಚಿಂತಾಮಣಿಯ ನಿವೃತ್ತ ಮೇಷ್ಟ್ರು

ಎನ್‌ಆರ್‌ಎಫ್1 ವಿವರಣೆಯನ್ನು ಒಪ್ಪುತ್ತೇನೆ. ಹಾಗಾದರೆ ಸ್ಲೈಡಿನಲ್ಲಿ ಅಡ್ಡಗೆರೆಯ ಚಿತ್ರ ಬೇಡ. ಅಡ್ಡಕ್ಕೆ ಗಂಟೆಗಳನ್ನೂ ಉದ್ದಕ್ಕೆ ಪ್ರೋಟಿಯಸೋಮ್ ಚಟುವಟಿಕೆಯನ್ನೂ ಇಟ್ಟು, 1ನೆಯ ದಿನದಿಂದ 14ನೆಯ ದಿನದವರೆಗೆ ಬೋರ್ಟೆಜೊಮಿಬಿನ ನಾಲ್ಕು ಇಳಿತಗಳನ್ನು ಒಂದು ಬಣ್ಣದಲ್ಲಿ ಎಳೆಯಿರಿ. ರಾತ್ರಿಯ ಕ್ಯಾಪ್ಸೂಲ್‌ಗಳನ್ನು ಕೆಳಗೆ ಚುಕ್ಕಿಗಳಾಗಿ ಗುರುತಿಸಿ. 11ನೆಯ ದಿನದ ನಂತರ ಕ್ಯಾಪ್ಸೂಲ್ ಮುಂದುವರಿಯುತ್ತದೆ, ಚುಚ್ಚುಮದ್ದು ಇರುವುದಿಲ್ಲ. ನಿಮ್ಮ ಪ್ರಶ್ನೆಗೆ ಬೇಕಾದ ಜಾಗ ಆ ಚಿತ್ರದಲ್ಲೇ ಎದ್ದು ಕಾಣುತ್ತದೆ. ಇಕಾರೋಸ್ ಮಟ್ಟದ ಗೆರೆಯನ್ನು ಮಾತ್ರ ಎಳೆಯುವುದಾದರೆ ‘ಊಹೆ’ ಎಂದು ಪಕ್ಕದಲ್ಲಿ ಬರೆದು ಎಳೆಯಿರಿ.